ನರ್ಸ್‌ಗಳಿಗೆ ಪಾಠ ಹೇಳುವ ನರ್ಸಮ್ಮ



"ಮಗೂಗೆ ಭೇದಿ ಆಗ್ತಿದೆ, ನೀರು ಕೊಡಬೇಡ" ಅನ್ನೋ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ತಪ್ಪು. ಮೈಯಿಂದ ನೀರು, ಉಪ್ಪು ಹೊರಟುಹೋಗುವುದರಿಂದಲೇ ಮಗುವಿನ ಜೀವಕ್ಕೆ ಅಪಾಯ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಬಂತು. ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ರೋಗಿಗಳ ಮನೆಯವರಿಂದಲೇ ಕುಡಿಸಿದರು. ಸಾವು ಬಹಳ ಕಡಿಮೆಯಾಯಿತು. ಇಂದಿನ ಓ.ಆರ್.ಎಸ್. ಪ್ಯಾಕೆಟ್ ಲೋಕವೆಲ್ಲ ಹರಡಲು ಇಂಥ ಅನುಭವವೇ ದಾರಿಯಾಯಿತು.

ಈ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸುವವರಲ್ಲಿ ಮಕ್ಕಳ ಶುಶ್ರೂಷೆಯ ಶಿಕ್ಷಕಿಯೂ ಒಬ್ಬರು. ಅವರ ಪಾಠ ವಾರ್ಡಿಗೇ ಮುಗಿಯುವುದಿಲ್ಲ. ವಿದ್ಯಾರ್ಥಿನಿಯರನ್ನು ಹಳ್ಳಿಗೂ ಕರೆದೊಯ್ದು, ತಾಯಂದಿರಿಗೆ ತಿಳಿಸಿ ಹೇಳುವುದನ್ನು ಕಲಿಸುತ್ತಾರೆ. ಅವರು ಕಲಿಸುವುದು ಇಷ್ಟೇ: ಪ್ಯಾಕೆಟ್ ಮೇಲೆ ಬರೆದಷ್ಟೇ ಶುದ್ಧ ನೀರಿಗೆ ಪುಡಿ ಕಲಸಿ, ಸ್ವಲ್ಪ ಸ್ವಲ್ಪವೇ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮ ಕಬ್ಬಾಳಿನ ಹೆಣ್ಣುಮಕ್ಕಳೂ ಇಂಥ ಶಿಕ್ಷಕಿಯಾಗಬಹುದು. ಪಿಯುಸಿಯಲ್ಲಿ ವಿಜ್ಞಾನ ಓದಿ, 4 ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಬೇಕು. ಒಂದು ವರ್ಷ ಕೆಲಸ ಮಾಡಿದ ಮೇಲೆ 2 ವರ್ಷದ ಎಂ.ಎಸ್ಸಿ.ಯಲ್ಲಿ ಮಕ್ಕಳ ಶುಶ್ರೂಷೆಯನ್ನು ಆರಿಸಿಕೊಳ್ಳಬಹುದು. ಓದುವ ಮಗಳ ಮದುವೆಗೆ ಅವಸರ ಬೇಡ. ಮುಂದಿನ ಸಭೆಯಲ್ಲಿ ಈ ವಿಷಯ ಮಾತಾಡೋಣ.