ಫ್ರೇಮ್ ಚೆಂದ, ಲೆನ್ಸ್ ಹೇಗಿದೆ?

ಕನ್ನಡಕ ಕೊಳ್ಳುವಾಗ ಫ್ರೇಮ್ ಆರಿಸೋದಕ್ಕೇ ಅರ್ಧ ಗಂಟೆ ಕಳೀತೀರಿ. ಲೆನ್ಸ್ ಬಗ್ಗೆ ಒಂದು ಮಾತಾದ್ರೂ ಕೇಳಿದಿರಾ? ಸಾಧಾರಣ ಪ್ಲಾಸ್ಟಿಕ್ ಲೆನ್ಸ್ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 8ರಷ್ಟು ಪ್ರತಿಫಲಿಸುತ್ತದೆ. ರಾತ್ರಿ ಸ್ಕೂಟರ್ ಓಡಿಸುವಾಗ ಹೆಡ್‌ಲೈಟ್ ಕಣ್ಣು ಕುಕ್ಕಲು ಇದೂ ಒಂದು ಕಾರಣ. ಒಳ್ಳೆಯ ಆಂಟಿ-ರಿಫ್ಲೆಕ್ಟಿವ್ ಲೇಪನವಿದ್ದರೆ ಇದು ಶೇ. 1ರ ಆಸುಪಾಸಿಗೆ ಇಳಿಯುತ್ತದೆ. ಫೋಟೊದಲ್ಲೂ ನಿಮ್ಮ ಕಣ್ಣು ಚೆನ್ನಾಗಿ ಕಾಣುತ್ತೆ!

ಅಂಗಡಿಯಲ್ಲೇ ಟ್ಯೂಬ್‌ಲೈಟ್ ಕೆಳಗೆ ಲೆನ್ಸ್ ಓರೆ ಮಾಡಿ ನೋಡಿ. ದೀಪದ ಬಿಂಬ ಬೆಳ್ಳಗೆ ಹೊಳೆದರೆ ಲೇಪನವಿಲ್ಲ. ಮಸುಕಾಗಿ, ಹಸಿರು ಅಥವಾ ನೀಲಿ ಛಾಯೆ ಕಂಡರೆ ಇದೆ.

ಒಣ ಲೆನ್ಸನ್ನು ಸೆರಗಿನಿಂದ ಉಜ್ಜಬೇಡಿ, ಗೀರು ಬೀಳುತ್ತೆ. ನೀರಿನಲ್ಲಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಒಲೆ ಪಕ್ಕ ಇಟ್ಟರೆ ಬಿಸಿಗೆ ಲೇಪನ ಬಿರುಕು ಬಿಟ್ಟೀತು.

ಲೇಪನವಿದ್ದೂ ದೀಪ ಕಣ್ಣು ಕುಕ್ಕುತ್ತಿದೆಯೇ? ಕನ್ನಡಕವನ್ನು ದೂರಬೇಡಿ. ಪೊರೆ ಶುರುವಾಗಿರಬಹುದು, ಕಣ್ಣಿನ ವೈದ್ಯರನ್ನು ಕಾಣಿ.