ಅಟ್ಟದಿಂದಿಳಿದ ಗಂಟು

ಶಿಕಾರಿಪುರ, ಸೊರಬ ಸೀಮೆಯ ಹಳೆಯ ಮನೆಗಳ ಅಟ್ಟದ ಮೇಲೆ ತಾಳೆಗರಿ, ಕಡತ, ಕಾಗದಪತ್ರಗಳ ಗಂಟು ಇರುವುದು ಅಪರೂಪವೇನಲ್ಲ. ವಿಭೂತಿ, ಪತ್ರೆ ಏರಿಸಿ ಪೂಜಿಸುವವರುಂಟು, ಬಿಚ್ಚಿ ಓದುವವರಿಲ್ಲ. ಮನೆ ಪಾಲಾದಾಗಲೋ ಹಂಚು ಇಳಿಸಿ ತಾರಸಿ ಹಾಕಿಸುವಾಗಲೋ ಅದು ಕೆಳಗಿಳಿಯುತ್ತದೆ. ಆಗ ಹೊಳೆಗೆ ಬಿಡದೆ ಸಂಗ್ರಹಾಲಯಕ್ಕೆ ಒಪ್ಪಿಸಲು ಮನಸ್ಸು ಮಾಡಿದ ಭಕ್ತರಲ್ಲಿ ನನ್ನದೊಂದು ಬಿನ್ನಹ.

ಈ ಸೀಮೆಗೆ ಸಮೀಪವಾದುದು ಸಾಗರದ ಬಳಿ ಡಾ. ಕೆಳದಿ ಗುಂಡಾ ಜೋಯಿಸರು ಬೆಳೆಸಿದ ಕೆಳದಿಯ ವಸ್ತುಸಂಗ್ರಹಾಲಯ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರವಿದೆ. ಎಲ್ಲಿಗೇ ಒಯ್ದರೂ ಬಂದುದನ್ನೆಲ್ಲ ಕಪಾಟಿಗೆ ತುಂಬುವುದು ಪತ್ರಾಗಾರದ ಪದ್ಧತಿಯಲ್ಲ. ಮೊದಲು ಗಂಟನ್ನು ಪ್ರತ್ಯೇಕವಾಗಿರಿಸಿ ಹುಳು, ಬೂಷ್ಟುಗಳನ್ನು ನೋಡಬೇಕು. ಕೊಟ್ಟವರ ಹೆಸರು, ಊರು, ಕಟ್ಟುಗಳ ಸಂಖ್ಯೆ ದಾಖಲೆ ಪುಸ್ತಕಕ್ಕೇರಬೇಕು. ಒಡೆತನವೇ ಹೋಯಿತೋ, ಕಾಪಿಡಲು ಮಾತ್ರವೋ, ಬೇಡವಾದುದನ್ನು ಮನೆಗೆ ಮರಳಿಸಬೇಕೋ ಎಂಬುದು ದಾನಪತ್ರದಲ್ಲಿರಬೇಕು. ಅಣ್ಣತಮ್ಮಂದಿರ ಸೊತ್ತಾದರೆ ಎಲ್ಲರ ಸಹಿಯೂ ಬೇಕು. ಗಂಟು ಬಿಚ್ಚುವುದಕ್ಕಿಂತ ಇದೇ ಕಷ್ಟವೆಂದು ಅನುಭವಿಗಳು ಬಲ್ಲರು.

ಇನ್ನು ಬೆಲೆ ಕಟ್ಟುವ ಮಾತು. ಮನೆಯವರು ಪುರಾಣದ ಗ್ರಂಥವನ್ನು ಮುಂದಿಟ್ಟು, ಲೆಕ್ಕದ ಕಡತವನ್ನು ಮೂಲೆಗೆ ತಳ್ಳುತ್ತಾರೆ. ಪತ್ರಾಗಾರ ಕೇಳುವುದು ಬೇರೆ: ಇದು ಅನ್ಯತ್ರ ಉಂಟೇ? ಯಾರು, ಯಾವ ಕಾರ್ಯಕ್ಕಾಗಿ ಬರೆದರು? ಅಚ್ಚಾಗಿರುವ ಪುರಾಣದ ಮತ್ತೊಂದು ಪ್ರತಿ ಮರಳಿ ಬಂದರೂ ಬರಬಹುದು. ದಾಸೋಹಕ್ಕೆ ಯಾರು ಎಷ್ಟು ಕೊಳಗ ಭತ್ತ ಕೊಟ್ಟರೆಂಬ ಲೆಕ್ಕ ಇನ್ನೆಲ್ಲಿಯೂ ಸಿಗದು. ಬಳ್ಳಿಗಾವಿಯ ಕೋಡಿಯ ಮಠದಲ್ಲಿ ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿದ್ದುದನ್ನು ನಾವು ಬಲ್ಲುದು 1162ರ ಶಿಲಾಶಾಸನದಿಂದ. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902 ಮತ್ತು 1904ರ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕಲ್ಲಿಗೆ ರೈಸ್ ದೊರೆತರು. ಕಡತಕ್ಕೆ ಮನೆಯವರೇ ಗತಿ.

ಕಡತವೆಂದರೆ ಹುಣಸೆಬೀಜದ ಸರಿ, ಇದ್ದಿಲು ಬಳಿದ ಬಟ್ಟೆ, ಬರೆಹ ಬಳಪದ್ದು. ಪೂಜೆಗೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಕ್ಷರವೇ ಹೋದೀತು. ಗಂಟಿನೊಳಗಿನ ಕ್ರಮವನ್ನೂ ಕೆಡಿಸಲಾಗದು.

ಈ ತಪ್ಪನ್ನು ಮಾಡಿದವನು ನಾನೇ. ಮಠದಲ್ಲಿ ಓದುತ್ತಿದ್ದಾಗ ಮೂರು ಮನೆಗಳ ಗಂಟುಗಳನ್ನು ಬಿಚ್ಚಿ, ಪುರಾಣ ಒಂದೆಡೆ, ಲೆಕ್ಕ ಒಂದೆಡೆ ಅಂದವಾಗಿ ಜೋಡಿಸಿ, ಸುತ್ತಿದ ಬಟ್ಟೆ, ಚೀಟಿಗಳನ್ನು ಒಲೆಗಿಟ್ಟೆ. ವರ್ಷಗಳ ಬಳಿಕ ಸೊರಬದ ಕಡೆಯ ವೃದ್ಧರೊಬ್ಬರು ಬಂದು, “ನಮ್ಮ ಅಜ್ಜನ ಕೈಬರೆಹ ಒಮ್ಮೆ ತೋರಿಸಿರಿ, ಬುದ್ಧೀ” ಎಂದರು. ಕಪಾಟು ತೆರೆದೆ. ಯಾವುದೆಂದು ತೋರಿಸಲಿ?