ಶಾರದಾ ಸದನದ ಬೋರ್ಡಿಂಗು

ಬೋರ್ಡಿಂಗಿನಲ್ಲಿದ್ದು ಓದಿದ ಹೆಣ್ಣುಮಕ್ಕಳು ಬಹುಕಾಲದ ಮೇಲೆ ಒಂದೆಡೆ ಕೂಡಿದರೆ ಪಾಠಗಳ ಮಾತು ಬೇಗನೆ ಮುಗಿಯುತ್ತದೆ. ಊಟದ, ಗಂಟೆಯ, ಊರಿನಿಂದ ಬರುತ್ತಿದ್ದ ಕಾಗದಗಳ ಮಾತು ಮುಗಿಯುವುದೇ ಇಲ್ಲ. ಇದು ಸಹಜವೇ. ಮನೆಯೇ ಓದಿಗೆ ಅಡ್ಡಿಯಾಗಿರುವವಳಿಗೆ ಪುಸ್ತಕಕ್ಕಿಂತ ಮೊದಲು ಬೇಕಾದುದು ಇರುವುದಕ್ಕೊಂದು ಸ್ಥಳ. ಇದನ್ನು ಪಂಡಿತಾ ರಮಾಬಾಯಿಯವರು ಚೆನ್ನಾಗಿ ಅರಿತಿದ್ದರು.

ಇವರು 1858ರಲ್ಲಿ ನಮ್ಮ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆಯವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಪಂಡಿತರ ವಿರೋಧವನ್ನು ಲೆಕ್ಕಿಸದೆ ಪತ್ನಿಗೆ ಸಂಸ್ಕೃತವನ್ನು ಕಲಿಸಿದರು. ಆ ತಾಯಿಯು ಮಗಳಿಗೆ ಕಲಿಸಿದರು. ಮುಂದೆ ಕ್ರೈಸ್ತಮತವನ್ನು ಸ್ವೀಕರಿಸಿದ ರಮಾಬಾಯಿಯವರು 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು.

ಅಲ್ಲಿಗೆ ಬಂದ ಮೊದಲನೆಯ ವಿಧವೆ ಗೋದೂಬಾಯಿ. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡಿದ್ದ ಈಕೆಯನ್ನು ಸೋದರನು ತಂದು ಸೇರಿಸಿದಾಗ ಈಕೆಗೆ ಇಪ್ಪತ್ತು ವರ್ಷ ದಾಟಿತ್ತು. ಆ ವಯಸ್ಸಿನಲ್ಲಿ ವಿದ್ಯಾರ್ಥಿನಿಯಾಗಿ ಕುಳಿತುಕೊಳ್ಳಲು ಎಷ್ಟು ಧೈರ್ಯ ಬೇಕೆಂಬುದನ್ನು ಉಪಾಧ್ಯಾಯಿನಿಯರು ಬಲ್ಲರು.

ಸದನದ ಅಡಿಗೆಮನೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ನಡೆಸುವವರು ಕ್ರೈಸ್ತರಾದರೂ ಅಲ್ಲಿದ್ದ ಬ್ರಾಹ್ಮಣ ವಿಧವೆಯರು ತಮ್ಮ ಜಾತಿಯ ಆಚಾರದಂತೆಯೇ ಅಡಿಗೆ ಊಟಗಳನ್ನು ನಡೆಸಿಕೊಳ್ಳಬಹುದಾಗಿತ್ತು. ಇಂದಿನವರಿಗೆ ಇದು ವಿಚಿತ್ರವಾಗಿ ತೋರೀತು. ಆದರೆ ಆ ಕಾಲದಲ್ಲಿ ಆಚಾರಭ್ರಷ್ಟಳೆನಿಸಿದವಳು ಊರಿಗೆ ಹೋದರೆ ಪಂಕ್ತಿಗೆ ಸೇರಿಸುವವರಾರು? ತಿರುಗಿ ಹೋಗಲು ಮನೆಯ ಬಾಗಿಲು ತೆರೆದಿದ್ದರೆ ಮಾತ್ರ ಹೆಣ್ಣನ್ನು ಓದಲು ಕಳುಹಿಸುವವರಿದ್ದರು.

ತೊಂದರೆ ಬಂದದ್ದು ಇನ್ನೊಂದು ಬಾಗಿಲಿನಿಂದ. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಕದವನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. 1893ರಲ್ಲಿ ರಾನಡೆ, ಭಂಡಾರಕರ್ ಅವರು ಸಲಹಾಸಮಿತಿಯನ್ನು ಬಿಟ್ಟರು. ಅನೇಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಮಿಶನ್ ಶಾಲೆಯಲ್ಲಿ ಕಲಿತು ಮಿಶನ್ ಶಾಲೆಯಲ್ಲಿಯೇ ಕಲಿಸುತ್ತಿರುವ ನಾನು ಆ ಹೆತ್ತವರ ಭಯವನ್ನು ಕೇವಲ ಮೌಢ್ಯವೆಂದು ತಳ್ಳಿಹಾಕಲಾರೆನು. ಮಗಳನ್ನು ಕಣ್ಣಿಗೆ ಕಾಣದ ಸ್ಥಳದಲ್ಲಿ ಇರಿಸಿದವರಿಗೆ ಕೇಳುವ ಹಕ್ಕುಂಟು. ಆದರೂ ವಾದ ನಡೆಯಿಸಿದವರು ಹಿರಿಯರು. ಗಂಟು ಕಟ್ಟಿಕೊಂಡು ಹೊರಟವರು ಹುಡುಗಿಯರು. ಅವರನ್ನು ಯಾರಾದರೂ ಕೇಳಿದರೋ?

ಗೋದೂಬಾಯಿಯು ಅದೇ ವರ್ಷ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದೀಬಾಯಿ ಎನಿಸಿಕೊಂಡರು. 1896ರಲ್ಲಿ ಕರ್ವೆಯವರು ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ಸ್ಥಾಪಿಸಿದರು. ಅದಕ್ಕಾಗಿ ಈಕೆಯೂ ಊರೂರು ತಿರುಗಿ ಹಣ ಕೂಡಿಸಿದರು. ಮುಪ್ಪಿನಲ್ಲಿ ತಮ್ಮ ಬಾಳಿನ ಕಥೆಯನ್ನು ಮರಾಠಿಯಲ್ಲಿ ಬರೆಯಿಸಿಟ್ಟರು. ಸದನದ ದಿನಗಳೂ ಅದರಲ್ಲಿವೆ.